ಆಕಾಶಕ್ಕೊಂದು ಕೂಲಿಂಗ್ ಗ್ಲಾಸ್

ಫೋಟೋದೊಳಗೆ ಮನುಷ್ಯರು ಬಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಸಮುದ್ರದ ದಂಡೆಯಲ್ಲಿ ಟ್ರೈಪಾಡ್ ನಿಲ್ಲಿಸಿಕೊಂಡು, ಎದುರಿಗಿರುವ ಕುಟುಂಬ ಚರುಮುರಿ ತಿಂದು ಮುಗಿಸಿ ಆಚೆ ಹೋಗಲಿ ಎಂದು ಅರ್ಧ ಗಂಟೆ ಕಾದವಳು ನಾನು. ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ, ಕುಟುಂಬ ಎರಡನೆಯ ಪೊಟ್ಟಣ ಬಿಚ್ಚಿರುತ್ತದೆ. ಅಣ್ಣಂದಿರ ಮನೆಯ ಮದುವೆಗಳಿಗೆ ಹೋದಾಗ ಅತ್ತಿಗೆಯರು ಕೇಳುವುದುಂಟು, "ಅಷ್ಟು ದೊಡ್ಡ ಕ್ಯಾಮೆರಾ ಉಂಟು, ನಾಲ್ಕು ಫೋಟೋ ತೆಗೆದ್ರೆ ಎಂತ ಆಗ್ತದೆ ನಿನಗೆ?" ವಾರವಿಡೀ ಜನರ ಫೋಟೋವನ್ನೇ ತೆಗೆಯುವುದು, ಭಾನುವಾರವೂ ಬೇಕಾ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ. ಅತ್ತಾವರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ. ಜನರನ್ನು ಒಳಗಿನಿಂದ ನೋಡಿ ನೋಡಿ ಸಾಕಾಗಿ, ಹೊರಗಿನಿಂದ ನೋಡುವ ಆಸೆ ಉಳಿದಿಲ್ಲ.

ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು. ಐವತ್ತೆರಡು ವಯಸ್ಸು, ಮದುವೆ ಆಗಲಿಲ್ಲ, ಕದ್ರಿಯ ಏರಿನಲ್ಲಿ ಎರಡು ಕೋಣೆಯ ಫ್ಲ್ಯಾಟು. ಭಾನುವಾರ ಸಂಜೆ ಸೋಮೇಶ್ವರಕ್ಕೋ ತಣ್ಣೀರುಬಾವಿಯ ದಂಡೆಗೋ ಸ್ಕೂಟರಿನಲ್ಲಿ ಹೋಗಿ, ಸೂರ್ಯ ಮುಳುಗುವುದನ್ನು ತೆಗೆದು, ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ. ಚೆಂದ ಬಂದಿರುತ್ತದೆ. ಕುರ್ಚಿ ಹಿಂದಕ್ಕೆ ತಳ್ಳಿ "ನೋಡು" ಎನ್ನಬೇಕು ಅನ್ನಿಸುತ್ತದೆ. ಯಾರಿಗೆ? ಹನ್ನೊಂದು ವರ್ಷದ ಭಾನುವಾರಗಳು ಒಂದು ಹಾರ್ಡ್‌ಡಿಸ್ಕಿನಲ್ಲಿ ಕೂತಿವೆ. ಒಂದರಲ್ಲೂ ಒಂದು ಮುಖ ಇಲ್ಲ.

ನನಗೆ ನಿಜವಾಗಿ ಗೀಳು ಇದ್ದದ್ದು ಫಿಲ್ಟರುಗಳದ್ದು. ಅಂಗೈ ಅಗಲದ ಚೌಕ ಗಾಜು. ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಸಾದಾ. ಗ್ರ್ಯಾಜುಯೇಟೆಡ್ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಎಂದು ಅದರ ಉದ್ದ ಹೆಸರು. ನಾವು ಗ್ರ್ಯಾಡ್ ಎನ್ನುತ್ತೇವೆ. ಸಂಜೆಯ ಆಕಾಶ ಉರಿಯುವಷ್ಟು ಬೆಳಕಾಗಿರುತ್ತದೆ, ದಂಡೆಯ ಮರಳು ಆಗಲೇ ಮಬ್ಬಾಗಿರುತ್ತದೆ. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ನೋಡುತ್ತದೆ, ಕ್ಯಾಮೆರಾಕ್ಕೆ ಆಗುವುದಿಲ್ಲ. ಮರಳಿಗೆ ಸರಿ ಮಾಡಿದರೆ ಆಕಾಶ ಸುಣ್ಣ ಬಳಿದ ಗೋಡೆ. ಆಕಾಶಕ್ಕೆ ಸರಿ ಮಾಡಿದರೆ ಕೆಳಗೆ ಕತ್ತಲೆ. ಅದಕ್ಕೆ ಈ ಗಾಜನ್ನು ಲೆನ್ಸಿನ ಎದುರು ಸಿಕ್ಕಿಸಿ, ಕಪ್ಪು ಭಾಗ ಆಕಾಶದ ಮೇಲೆ ಮಾತ್ರ ಬರುವಂತೆ ಮೆಲ್ಲಗೆ ಇಳಿಸಬೇಕು. ಕಪ್ಪು ಮುಗಿಯುವ ಗೆರೆ, ಸಮುದ್ರ ಆಕಾಶಕ್ಕೆ ತಾಗುವ ಗೆರೆಯ ಮೇಲೆ ಸರಿಯಾಗಿ ಕೂರಬೇಕು. ಒಂದು ಕೂದಲು ಮೇಲಾದರೆ ನೀರಿನ ಅಂಚಿನಲ್ಲಿ ಬಿಳಿ ಪಟ್ಟಿ, ಕೆಳಗಾದರೆ ಸಮುದ್ರಕ್ಕೆ ಮಸಿ. ನನಗೆ ಇದು ಒಂದೇ ದಿನದಲ್ಲಿ ಅರ್ಥವಾಯಿತು. ಪಾದದ ಎಕ್ಸ್‌ರೇ ತೆಗೆಯುವಾಗ ಬೆರಳು ತೆಳು, ಹಿಮ್ಮಡಿ ದಪ್ಪ ಎಂದು ನಾವು ಹಿಂದೆ ಬೆರಳಿನ ಬದಿಗೆ ಲೋಹದ ಒಂದು ಓರೆ ತುಂಡು ಇಡುತ್ತಿದ್ದೆವು. ಅದೇ ವಿದ್ಯೆ.

ಈ ಗಾಜಿಗೆ ಒಂದು ಕೊರತೆ ಉಂಟು. ಅದು ನೇರ ಗೆರೆ. ಆಕಾಶಕ್ಕೆ ಎದ್ದು ನಿಂತದ್ದೆಲ್ಲ, ತೆಂಗಿನ ಮರವಾಗಲಿ ದೋಣಿಯ ಕಂಬವಾಗಲಿ ಮನುಷ್ಯನಾಗಲಿ, ಗೆರೆಯಿಂದ ಮೇಲಿನ ಭಾಗ ಕಪ್ಪಾಗುತ್ತದೆ. ನನಗೆ ಅದರಿಂದ ತೊಂದರೆ ಇರಲಿಲ್ಲ. ನನ್ನ ಫೋಟೋಗಳಲ್ಲಿ ಯಾರೂ ಎದ್ದು ನಿಲ್ಲುತ್ತಿರಲಿಲ್ಲವಲ್ಲ.

ಎದುರು ಫ್ಲ್ಯಾಟಿನವರು ಮೊದಲ ಸಲ ಮಾತಾಡಿಸಿದ್ದು ಲಿಫ್ಟಿನಲ್ಲಿ. ನನಗಿಂತ ಆರೇಳು ವರ್ಷಕ್ಕೆ ಚಿಕ್ಕವರು. ಗಂಡನಿಗೆ ಗಲ್ಫಿನಲ್ಲಿ ಕೆಲಸ, ಮಗಳಿಗೆ ಮದುವೆಯಾಗಿತ್ತು. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವರು, ಆ ಅತ್ತೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರ ಮನೆಮಾತು ಇಲ್ಲಿಯ ಮುಸ್ಲಿಮರು ಆಡುವ ಬ್ಯಾರಿ, ನನ್ನದು ತುಳು. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಎಲ್ಲೋ ಮಧ್ಯದಲ್ಲಿ ಕನ್ನಡಕ್ಕೆ ಬಂದುಬಿಡುತ್ತಿತ್ತು. ಅವತ್ತು ನನ್ನ ಹೆಗಲಿನ ಚೀಲ ನೋಡಿ, "ಅದು ಎಂತ ಅಕ್ಕ, ಗಾಳವಾ? ಪ್ರತಿ ಆದಿತ್ಯವಾರ ಮೀನು ಹಿಡಿಲಿಕ್ಕೆ ಹೋಗ್ತೀರಾ?" ಎಂದರು.

ಕ್ಯಾಮೆರಾದ ಸ್ಟ್ಯಾಂಡು ಎಂದೆ. ಸಮುದ್ರಕ್ಕೆ ಹೋಗುವುದು ಎಂದೆ.

"ನಾನೂ ಬರ್ಬಹುದಾ? ಉಪದ್ರ ಮಾಡುದಿಲ್ಲ."

ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಅವರು ಹೊರಗೆ ಹೋಗದೆ ನನ್ನ ಉತ್ತರಕ್ಕೆ ಕಾಯುತ್ತ ನಿಂತರು. ಹಾಗೆ ನಿಂತವರಿಗೆ ಇಲ್ಲ ಎನ್ನಲು ನನಗೆ ಬರಲಿಲ್ಲ.

ಅವತ್ತೇ ಸೋಮೇಶ್ವರದ ಬಂಡೆಯ ಮೇಲೆ ಗಾಜನ್ನು ಕೈಗೆ ಕೊಟ್ಟೆ. ಕಣ್ಣಿಗೆ ಹಿಡಿದು ಆಕಾಶ ನೋಡಿದರು, ಇಳಿಸಿ ನೋಡಿದರು, ಪುನಃ ಹಿಡಿದರು. "ಓ, ಆಕಾಶಕ್ಕೆ ಕೂಲಿಂಗ್ ಗ್ಲಾಸ್" ಎಂದರು. ನಾನು ನಕ್ಕೆ. ಒಂಬತ್ತು ವರ್ಷ ಕೇಳಿದವರಿಗೆಲ್ಲ ಈ ಗಾಜನ್ನು ವಿವರಿಸಲು ನಾನು ಪಟ್ಟ ಪಾಡು ಮೂರೇ ಪದದಲ್ಲಿ ಮುಗಿದುಹೋಗಿತ್ತು. ಮುಂದಿನ ಭಾನುವಾರ ನಾಲ್ಕೂವರೆಗೆ ಅವರೇ ಬಂದು ಬೆಲ್ ಒತ್ತಿದರು.

ಒಂದೂವರೆ ವರ್ಷ ಹಾಗೆ ನಡೆಯಿತು. ಸ್ಕೂಟರಿನ ಹಿಂದೆ ಅವರು, ಅವರ ಮಡಿಲಲ್ಲಿ ಟ್ರೈಪಾಡು. ಪಂಪ್‌ವೆಲ್ ಸರ್ಕಲ್ಲಿನ ಹತ್ತಿರ ಗಾಡಿಗಳು ಸಿಕ್ಕಿಹಾಕಿಕೊಂಡು ಮುಂದೆ ಹೋಗದಿದ್ದರೆ ಹಿಂದಿನಿಂದ ಕಿವಿಯ ಹತ್ತಿರ, "ಇವತ್ತು ಸೂರ್ಯ ಪಂಪ್‌ವೆಲ್‌ನಲ್ಲೇ ಮುಳುಗಿದ ಅಕ್ಕ, ಇಲ್ಲೇ ಸ್ಟ್ಯಾಂಡ್ ಹಾಕುವನಾ?" ಎನ್ನುತ್ತಿದ್ದರು. ನನಗೆ ಮಂಡೆ ಬಿಸಿಯಾಗಿರುತ್ತಿತ್ತು, ಅವರಿಗೆ ತಮಾಷೆ. ದಂಡೆಯಲ್ಲಿ ಕ್ಯಾಮೆರಾದ ಹಿಂದಿನ ಪರದೆ ನೋಡುವ ಕೆಲಸ ಅವರದ್ದು. ನಾನು ಗಾಜು ಇಳಿಸುವುದು, ಅವರು ಹೇಳುವುದು: "ಇನ್ನು ಸ್ವಲ್ಪ. ಇನ್ನು ಸ್ವಲ್ಪ. ಸಾಕು. ಅಯ್ಯೋ, ಸಮುದ್ರಕ್ಕೂ ಹಾಕಿದ್ರಿ ಮಾರಾಯ್ರೆ, ಮೇಲೆ ತೆಗೀರಿ." ನನ್ನ ಕಣ್ಣಿಗಿಂತ ಅವರ ಕಣ್ಣು ಚುರುಕು. ಬೆಳಕು ಹೋದ ಮೇಲೆ ಅವರ ಸ್ಟೀಲ್ ಡಬ್ಬಿಯಿಂದ ಪತ್ತಿರ್ ಎಂಬ ಅಕ್ಕಿ ರೊಟ್ಟಿ ತಿಂದು, ಗಾಡಿಯವನ ಹತ್ತಿರ ಚಾ ಕುಡಿದು ಬರುತ್ತಿದ್ದೆವು.

ನನ್ನ ಸ್ವಭಾವ ಒಳ್ಳೆಯದಲ್ಲ. ಒಮ್ಮೆ ತಣ್ಣೀರುಬಾವಿಯಲ್ಲಿ ಅಲೆಯ ಹನಿ ಸಿಡಿದು ಗಾಜಿನ ಮೇಲೆ ಬಿತ್ತು. ನಾನು ಆಚೆ ತಿರುಗಿದ್ದೆ. ಇವರು ಉಪಕಾರ ಮಾಡಲೆಂದು ತಮ್ಮ ಶಾಲಿನ ಅಂಚಿನಲ್ಲಿ ಉಜ್ಜಿಬಿಟ್ಟರು. ಉಪ್ಪಿನಲ್ಲಿ ಮರಳೂ ಇತ್ತು. ನಡುವೆ ಉದ್ದಕ್ಕೆ ಗೀರು. "ನಿಮಗೆ ಯಾರು ಮುಟ್ಲಿಕ್ಕೆ ಹೇಳಿದ್ದು? ಅದು ಎಂತ ಪಾತ್ರೆಯಾ ಉಜ್ಜಲಿಕ್ಕೆ?" ಎಂದು ದಂಡೆಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಬೈದೆ.  ಎರಡು ಭಾನುವಾರ ಅವರು ಬೆಲ್ ಒತ್ತಲಿಲ್ಲ. ಎರಡು ಭಾನುವಾರ ನಾನು ಒಬ್ಬಳೇ ಹೋದೆ. ಒಂಬತ್ತು ವರ್ಷ ಒಬ್ಬಳೇ ಹೋದವಳಿಗೆ ಆ ಎರಡು ದಿನ ದಂಡೆಯಲ್ಲಿ ನಿಲ್ಲಲು ಆಗಲಿಲ್ಲ. ಯಾರೋ ಹಿಂದಿನಿಂದ "ಸಾಕು" ಎನ್ನುತ್ತಾರೆ ಎಂದು ಗಾಜು ಹಿಡಿದುಕೊಂಡು ಕಾಯುತ್ತಿದ್ದೆ. ಮೂರನೆಯ ಶನಿವಾರ ನಾನೇ ಹೋಗಿ ಅವರ ಬಾಗಿಲು ತಟ್ಟಿ, "ನಾಳೆ ಮೋಡ ಚೆಂದ ಉಂಟು ಅಂತ ಮೊಬೈಲಿನಲ್ಲಿ ತೋರಿಸ್ತದೆ" ಎಂದೆ. ತಪ್ಪಾಯಿತು ಎಂದು ಹೇಳಲಿಲ್ಲ. ಅವರು, "ನಾಲ್ಕೂವರೆಗಾ?" ಎಂದು ಮಾತ್ರ ಕೇಳಿದರು.

ಈ ಒಂದೂವರೆ ವರ್ಷದಲ್ಲಿ ನಾನು ಅವರ ಮನೆಯೊಳಗೆ ಎಷ್ಟೋ ಸಲ ಕೂತಿದ್ದೇನೆ. ಹೋದ ಮೊದಲ ದಿನವೇ ಗಮನಿಸಿದ ಒಂದು ವಿಷಯ, ಗೋಡೆಯಲ್ಲಿ ಒಂದೂ ಮುಖ ಇಲ್ಲ. ಹಸಿರು ವೆಲ್ವೆಟ್ಟಿನ ಮೇಲೆ ಬಂಗಾರದ ಅರಬಿ ಅಕ್ಷರ, ಒಂದು ಗಡಿಯಾರ, ಜವಳಿ ಅಂಗಡಿಯ ಕ್ಯಾಲೆಂಡರು. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯಿಂದ ಶುರುವಾಗಿ ಮುತ್ತಜ್ಜನವರೆಗೆ ಸಾಲಾಗಿ ಹಾರ ಹಾಕಿಸಿಕೊಂಡು ಕೂತಿರುತ್ತಾರೆ, ಅವರ ಕಣ್ಣು ತಪ್ಪಿಸಿ ಒಂದು ಬಿಸ್ಕೆಟ್ ತಿನ್ನಲಿಕ್ಕಾಗುವುದಿಲ್ಲ. ಇಲ್ಲಿ ಹಾಗಿಲ್ಲ. ಇವರಲ್ಲಿ ಕೆಲವು ಮನೆಗಳಲ್ಲಿ ಗೋಡೆಗೆ ಮುಖ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಇತ್ತು. ಈ ಊರಿನಲ್ಲಿ ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ತಿಳಿಯದೆ ಎಷ್ಟು ತಪ್ಪು ನಡೆಯುತ್ತದೆ, ನಾನು ಅಂಥವಳಲ್ಲ ಎಂದುಕೊಂಡಿದ್ದೆ. ಅವರ ಹತ್ತಿರ ಆ ಬಗ್ಗೆ ಯಾವತ್ತೂ ಕೇಳಲಿಲ್ಲ. ಕೇಳದೆ ಇರುವುದೇ ಮರ್ಯಾದೆ ಎಂದು ತಿಳಿದಿದ್ದೆ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಅವರ ವೀಸಾ ಬಂತು. ಗಂಡ ಕೊನೆಗೂ ಅಲ್ಲಿ ಮನೆ ಮಾಡಿದ್ದರು. ಸೋಮೇಶ್ವರದ ಬಂಡೆಯಲ್ಲಿ ಕೂತು ಹೇಳಿದರು, "ಇಪ್ಪತ್ತೆರಡು ವರ್ಷದ ಮೇಲೆ ಒಟ್ಟಿಗೆ ಇರುದು ಅಕ್ಕ. ಹೆದರಿಕೆ ಆಗ್ತದೆ." ಒಳ್ಳೆಯದಾಯಿತು ಎಂದೆ. ನನ್ನ ಮುಖ ಅವರಿಗೆ ಕಾಣದಿರಲಿ ಎಂದು ಟ್ರೈಪಾಡಿನ ತಿರುಪು ಬಿಗಿ ಮಾಡುತ್ತ ಕೂತೆ. ಇವರು ಹೋದರೆ ನನಗೆ ಈ ಊರಿನಲ್ಲಿ ಯಾರೂ ಇಲ್ಲ. ಅಷ್ಟು ಸರಳವಾದ ಮಾತು ಅದು, ಆದರೆ ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಅವರು, "ಹೋಗುವ ಮುಂಚೆ ನನ್ನದೊಂದು ಫೋಟೋ ತೆಗೀಬೇಕು ನೀವು. ಈ ಸಮುದ್ರದ ಎದುರು, ನಿಮ್ಮ ದೊಡ್ಡ ಕ್ಯಾಮೆರಾದಲ್ಲಿ. ಅಲ್ಲಿ ಗೋಡೆಗೆ ಹಾಕ್ಲಿಕ್ಕೆ" ಎಂದರು.

ಒಂದೂವರೆ ವರ್ಷದಲ್ಲಿ ಅವರು ನನ್ನ ಹತ್ತಿರ ಕೇಳಿದ್ದು ಅದೊಂದೇ. ನಾನು ಆಯಿತು ಎಂದೆ, ಆದರೆ ನನ್ನ ತಲೆ ಹಿಡಿದುಕೊಂಡದ್ದು ಒಂದೇ ಪದವನ್ನು: ಗೋಡೆ. ಗೋಡೆಗೆ ಹಾಕಲಿಕ್ಕೆ ಎಂದ ಮೇಲೆ ಮುಖ ಕಾಣಬಾರದು. ಪಾಪ, ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ನಾನೇ ತಿಳಿದುಕೊಳ್ಳಬೇಕು.

ಅವರು ಹೊರಡುವುದಕ್ಕೆ ಒಂದು ವಾರ ಮೊದಲಿನ ಭಾನುವಾರ ಸೋಮೇಶ್ವರಕ್ಕೆ ಹೋದೆವು. ಹೊಸ ಶಾಲು, ದಾಸವಾಳದ ಬಣ್ಣ. ಕಿವಿಯಲ್ಲಿ ಝುಮುಕಿ, ಕಣ್ಣಿಗೆ ಕಾಡಿಗೆ. ಸ್ಕೂಟರಿನಲ್ಲಿ ಬರುವಾಗ ಗಾಳಿಗೆ ಕಾಡಿಗೆ ಹರಡಿತೋ ಎಂದು ಎರಡು ಸಲ ನನ್ನ ಕನ್ನಡಿಯಲ್ಲಿ ನೋಡಿಕೊಂಡರು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ನೋಡಿದೆ, ಆದರೆ ಯಾಕೆ ಎಂದು ಯೋಚಿಸಲಿಲ್ಲ. ಆಕಾಶ ನೋಡುವುದರಲ್ಲಿದ್ದೆ. ಅಂಥ ಆಕಾಶ ವರ್ಷಕ್ಕೆ ಎರಡು ಮೂರು ಸಲ ಸಿಕ್ಕಿದರೆ ಹೆಚ್ಚು. ಕೆಳಗಿನಿಂದ ಮೇಲಿನವರೆಗೆ ಮೋಡ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಪ್ರತಿ ಮೆಟ್ಟಿಲಿನ ಅಂಚಿಗೂ ಕೆಂಡದ ಬಣ್ಣ.

ಮುಖವೂ ಆಕಾಶವೂ ಎರಡೂ ಬರಬೇಕೆಂದರೆ ದಾರಿ ಇತ್ತು. ನಾನು ಬಂಡೆ ಹತ್ತಿ ನಿಂತು ಕೆಳಗೆ ನೋಡಿ ತೆಗೆದರೆ, ದಂಡೆಯಲ್ಲಿ ನಿಂತವರ ತಲೆ ಸಮುದ್ರದ ಗೆರೆಗಿಂತ ಕೆಳಗೆ ಬರುತ್ತದೆ. ಆಗ ಗಾಜಿನ ಕಪ್ಪು ತಲೆಯ ಮೇಲೆ, ಆಕಾಶದಲ್ಲಿ ಮಾತ್ರ ಇರುತ್ತದೆ. ಮುಖಕ್ಕೆ ಬೇಕಾದಷ್ಟು ಬೆಳಕು ಕೊಡಬಹುದು. ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ನಾನು ಬಂಡೆ ಹತ್ತಲಿಲ್ಲ. ಒದ್ದೆ ಮರಳಿನಲ್ಲಿ ಮೊಣಕಾಲೂರಿ, ಟ್ರೈಪಾಡನ್ನು ನೆಲಕ್ಕೆ ಹತ್ತಿರ ಮಾಡಿದೆ. ತೊಡೆಯಿಂದ ಮೇಲೆ ಅವರು ಪೂರ್ತಿ ಆಕಾಶದೊಳಗೆ ಎದ್ದು ನಿಂತರು. ಇದ್ದುದರಲ್ಲಿ ಹೆಚ್ಚು ಕಪ್ಪಿನ ಗಾಜು ತೆಗೆದು, ಗೆರೆಗೆ ಸರಿಯಾಗಿ ಇಳಿಸಿದೆ. ಅವತ್ತು "ಸಾಕು" ಎನ್ನಲು ಹಿಂದೆ ಯಾರೂ ಇರಲಿಲ್ಲ, ಹೇಳುವವರು ಎದುರಿಗೆ ನಿಂತಿದ್ದರು.

"ನಗ್ಬೇಕಾ ಅಕ್ಕ?" ಎಂದು ಅಲ್ಲಿಂದ ಕೇಳಿದರು.

"ನಿಮ್ಮಿಷ್ಟ" ಎಂದೆ.

ಏಳೆಂಟು ತೆಗೆದೆ. ತೆಗೆದಾದ ಮೇಲೆ ಅವರು ಎಂದಿನಂತೆ ಓಡಿಬಂದು ಪರದೆ ನೋಡಲಿಲ್ಲ. "ಈಗ ತೋರಿಸ್ಬೇಡಿ. ದೊಡ್ಡದು ಮಾಡಿ, ಫ್ರೇಮ್ ಹಾಕಿ ಕೊಡಿ. ಆಗ ನೋಡ್ತೇನೆ" ಎಂದರು. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾಚಿಕೆ ಎಂದುಕೊಂಡೆ.

ಮನೆಯಲ್ಲಿ ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ ನಾನೇ ತೆಗೆದದ್ದಾ ಎನ್ನಿಸಿತು. ಉರಿಯುವ ಮೋಡ, ಬೆಳ್ಳಿಯಂಥ ಮರಳು, ನಡುವೆ ಕಪ್ಪಗೆ ಒಂದು ಹೆಂಗಸಿನ ಆಕಾರ, ಗಾಳಿಗೆ ಹಾರುವ ಶಾಲಿನ ಅಂಚು ಮಾತ್ರ ಕೆಂಪು. ಸುಳ್ಳು ಯಾಕೆ ಹೇಳಲಿ, ಮುಖ ಇಲ್ಲದ್ದರಿಂದಲೇ ಅದು ನನಗೆ ಅಷ್ಟು ಹಿಡಿಸಿತು. ಮುಖ ಇದ್ದಿದ್ದರೆ ಅದು ಎದುರು ಫ್ಲ್ಯಾಟಿನವರ ಫೋಟೋ. ಮುಖ ಇಲ್ಲದೆ ಅದು ನನ್ನ ಫೋಟೋ. ಹಂಪನಕಟ್ಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಲು ಕೊಟ್ಟಾಗ ಅಲ್ಲಿಯವರು, "ಇದನ್ನು ಎಲ್ಲಿಯಾದ್ರೂ ಸ್ಪರ್ಧೆಗೆ ಕಳಿಸಿ ಮೇಡಂ" ಎಂದರು. ಆ ಮಾತು ಎರಡು ದಿನ ನನ್ನ ಕಿವಿಯಲ್ಲೇ ಇತ್ತು.

ಶನಿವಾರ ಸಂಜೆ ಕೊಟ್ಟೆ. ಮರುದಿನ ಸಂಜೆ ಅವರ ವಿಮಾನ. ಅವರ ಮನೆ ತುಂಬ ಪೆಟ್ಟಿಗೆಗಳಿದ್ದುದರಿಂದ ನನ್ನಲ್ಲಿಗೇ ಬಂದಿದ್ದರು. ಸೋಫಾದಲ್ಲಿ ಕೂತು, ಸುತ್ತಿದ ಕಾಗದವನ್ನು ಹರಿಯದೆ ಟೇಪು ಕಿತ್ತು ಕಿತ್ತು ಬಿಚ್ಚಿದರು. ಫ್ರೇಮನ್ನು ಮಡಿಲಲ್ಲಿಟ್ಟು ನೋಡಿದರು. ಅಲ್ಲಿ ಬೆಳಕು ಸಾಲದೆಂದು ಎದ್ದು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರು. ಓರೆ ಮಾಡಿ ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇದರಲ್ಲಿ ನಾನು ಎಲ್ಲಿ ಅಕ್ಕ?"

"ಎಂತ ಎಲ್ಲಿ? ನೀವೇ ಅಲ್ವಾ ಅದು" ಎಂದೆ.

"ಮುಖ ಇಲ್ಲ."

"ಬೇಕಂತಲೇ ಹಾಗೆ ಮಾಡಿದ್ದು. ಗೋಡೆಗೆ ಅಂದ್ರಲ್ಲ ನೀವು. ನಿಮ್ಮಲ್ಲಿ ಗೋಡೆಗೆ ಮುಖ ಹಾಕುದಿಲ್ಲ ಅಲ್ವಾ? ಅದಕ್ಕೇ ಕಪ್ಪು ಕೆಳಗೆ ಇಳಿಸಿ ತೆಗೆದೆ."

ಅವರು ಫ್ರೇಮನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು.  ಆಮೇಲೆ, "ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು. ಯಾರು ಹೇಳಬೇಕು, ಮನೆಯಲ್ಲೇ ನೋಡಿದ್ದೆನಲ್ಲ ಎಂದೆ.

"ಅದು ಅತ್ತೆಯ ಗೋಡೆ" ಎಂದರು. "ಅವರಿಗೆ ಇಷ್ಟ ಇರಲಿಲ್ಲ, ನಾನು ಹಾಕಲಿಲ್ಲ. ಅವರು ಹೋದ ಮೇಲೂ ಬದಲು ಮಾಡುವ ಮನಸ್ಸು ಬರಲಿಲ್ಲ. ಅಲ್ಲಿ ಹೋದ್ರೆ ನನಗೆ ಅಂತ ಒಂದು ಗೋಡೆ ಉಂಟು. ನನ್ನ ವಯಸ್ಸಿನಲ್ಲಿ ಮೊದಲನೇ ಸಲ. ನನಗೆ ನನ್ನ ಮುಖ ನೋಡ್ಬೇಕಿತ್ತು, ಈ ಸಮುದ್ರದ ಒಟ್ಟಿಗೆ. ಇಷ್ಟು ಸಮಯ ನಿಮ್ಮ ಹಿಂದೆ ಕೂತು ಬಂದೆ. ಒಂದು ಸಲ ಕೇಳ್ಬಹುದಿತ್ತು ನೀವು."

ಕೇಳಬಹುದಿತ್ತು. ಅಷ್ಟೇ ಆಗಬೇಕಿದ್ದದ್ದು. ನಾಲಿಗೆ ತುದಿಯಲ್ಲಿ ಒಂದು ಪ್ರಶ್ನೆ, ಅರ್ಧ ನಿಮಿಷದ ಕೆಲಸ. ಆದರೆ ತಪ್ಪು ಗೊತ್ತಾದಾಗ ನನಗೆ ಮೊದಲು ಬರುವುದು ನಾಚಿಕೆಯಲ್ಲ, ಸಿಟ್ಟು. ಇಷ್ಟು ಕಷ್ಟಪಟ್ಟು ತೆಗೆದದ್ದಕ್ಕೆ ಇವರು ಹೀಗೆ ಹೇಳುವುದಾ ಎಂದು ಮುಖ ಬಿಗಿ ಮಾಡಿ ಕೂತೆ.

ಅವರು ಕೋಪ ಮಾಡಿಕೊಳ್ಳಲಿಲ್ಲ.  ಕಣ್ಣು ಒರೆಸಿಕೊಂಡು, ಸ್ವಲ್ಪ ನಕ್ಕು, "ಆಯ್ತು ಬಿಡಿ. ನಾಳೆ ಬೆಳಿಗ್ಗೆ ಪುರ್ಸೊತ್ತುಂಟು ನನಗೆ. ಒಂದು ಗಂಟೆ ಹೋಗಿ ಇನ್ನೊಂದು ತೆಗೆಯುವನಾ?" ಎಂದರು.

"ಬೆಳಿಗ್ಗೆ ಸಮುದ್ರದಲ್ಲಿ ಎಂತ ಉಂಟು?" ಎಂದೆ ನಾನು. "ಸೂರ್ಯ ಇರುದು ಹಿಂದೆ, ಗುಡ್ಡದ ಬದಿಯಲ್ಲಿ. ಬಣ್ಣ ಇಲ್ಲ, ಮೋಡ ಇಲ್ಲ, ಬರೀ ಚಪ್ಪಟೆ ಬೆಳಕು. ಈ ಫಿಲ್ಟರಿಗೆ ಅಲ್ಲಿ ಕೆಲಸವೇ ಇಲ್ಲ. ಅಂಥ ಫೋಟೋ ಯಾರಿಗೆ ಬೇಕು?"

"ನನಗೆ ಬೇಕು" ಎಂದರು.

"ಹಾಗಾದ್ರೆ ಮೊಬೈಲಿನಲ್ಲಿ ತಕ್ಕೊಳ್ಳಿ."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ ಮಾತು ಆಡಿಯಾಗಿತ್ತು. ಅವರು ಎದ್ದರು. ಬಿಚ್ಚಿದ ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಟೀಪಾಯಿಯ ಮೇಲಿಟ್ಟರು. "ಫ್ರೇಮ್ ಇಲ್ಲೇ ಇರ್ಲಿ ಅಕ್ಕ. ಬ್ಯಾಗಿನಲ್ಲಿ ಹಿಡಿಯುದಿಲ್ಲ" ಎಂದು ಹೇಳಿ, ಬಾಗಿಲನ್ನು ಶಬ್ದವಾಗದ ಹಾಗೆ ಎಳೆದುಕೊಂಡು ಹೋದರು.

ಭಾನುವಾರ ನಾನು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಸ್ನಾನ ಮಾಡಿ, ಸ್ಕೂಟರಿನ ಕೀ ಕೈಯಲ್ಲಿ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಎದುರು ಮನೆಯಲ್ಲಿ ಪೆಟ್ಟಿಗೆ ಎಳೆಯುವ ಸದ್ದು, ಮಗಳು ಅಳಿಯ ಬಂದ ಸದ್ದು ಕೇಳುತ್ತಿತ್ತು. ಈಗ ಹೋಗಿ ಬೆಲ್ ಒತ್ತಿದರೆ ಅವರ ಮಗಳು ಬಾಗಿಲು ತೆರೆಯುತ್ತಾಳೆ, ಅವಳ ಎದುರು ಏನು ಹೇಳಲಿ? ಹಾಗೆ ಯೋಚಿಸಿ ಯೋಚಿಸಿ ಗಂಟೆ ಹತ್ತಾಯಿತು, ಆಮೇಲೆ ಬಿಸಿಲೇರಿತು. ಮಧ್ಯಾಹ್ನ ಕೆಳಗೆ ಕಾರು ಬಂದು ನಿಂತಾಗ ಬಾಲ್ಕನಿಯಿಂದ ನೋಡಿದೆ. ಕಾರು ಹತ್ತುವ ಮುಂಚೆ ಅವರು ತಲೆ ಎತ್ತಿ ನಮ್ಮ ಮಹಡಿ ನೋಡಿದರು. ನಾನು ಒಣಗಲು ಹಾಕಿದ್ದ ಬೆಡ್‌ಶೀಟಿನ ಹಿಂದೆ ಸರಿದೆ. ಐವತ್ತೆರಡು ವರ್ಷದ ಹೆಂಗಸು, ಬೆಡ್‌ಶೀಟಿನ ಹಿಂದೆ.

ಎರಡು ದಿನದ ಮೇಲೆ ವಾಟ್ಸಾಪಿನಲ್ಲಿ, "ತಲುಪಿದೆ ಅಕ್ಕ" ಎಂದು ಬಂತು. ಉತ್ತರ ಬರೆದೆ, ಅಳಿಸಿದೆ, ಪುನಃ ಬರೆದೆ. ಕೊನೆಗೆ "ಒಳ್ಳೆಯದು" ಎಂದು ಕಳಿಸಿದೆ. ಆ ಸಂಭಾಷಣೆ ಅಲ್ಲಿಗೇ ನಿಂತಿದೆ.

ಒಂದು ರಾಶಿ ಭಾನುವಾರಗಳು ಹೋದವು. ನಾಲ್ಕೂವರೆಗೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಕ್ಯಾಮೆರಾ ಚೀಲ ಹೆಗಲಿಗೇರಿಸಿ, ಪುನಃ ಇಳಿಸಿ, ಟಿವಿ ಹಾಕಿ ಕೂತುಬಿಡುತ್ತಿದ್ದೆ. ಒಮ್ಮೆ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಕಪ್ಪನ್ನು ತೆಗೆದು ಮುಖ ಹೊರಗೆ ತರಲು ನೋಡಿದೆ. ಬೆಳಕು ಏರಿಸಿದಷ್ಟೂ ಬೂದಿ ಬಣ್ಣದ ಕಾಳುಕಾಳು. ಹಳೆಯ ಕ್ಯಾಮೆರಾ, ಹೆಚ್ಚು ಕಪ್ಪಿನ ಗಾಜು, ಅವರ ಬೆನ್ನ ಹಿಂದೆ ಸೂರ್ಯ. ಆ ಕಾಳುಗಳ ನಡುವೆ ಹಲ್ಲಿನ ಒಂದು ಬಿಳಿ ಗೆರೆ ಮಾತ್ರ ಎದ್ದು ಬಂತು. ನಗಬೇಕಾ ಎಂದು ಕೇಳಿದ್ದರಲ್ಲ, ನಕ್ಕಿದ್ದರು. ಕಂಪ್ಯೂಟರ್ ಬಂದ್ ಮಾಡಿ ತುಂಬ ಹೊತ್ತು ಅತ್ತೆ.

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಬೇಗ ಎಚ್ಚರವಾಯಿತು. ಸುಮ್ಮನೆ ಮಲಗಿರಲು ಆಗದೆ ಸ್ಕೂಟರ್ ತೆಗೆದು ಸೋಮೇಶ್ವರಕ್ಕೆ ಹೋದೆ. ಕ್ಯಾಮೆರಾ ಒಯ್ಯಲಿಲ್ಲ. ಇಷ್ಟು ವರ್ಷದಲ್ಲಿ ನಾನು ಅಲ್ಲಿಗೆ ಬೆಳಿಗ್ಗೆ ಹೋದದ್ದೇ ಇಲ್ಲ. ದಂಡೆಯಲ್ಲಿ ನಡೆಯುವವರು ನಾಲ್ಕೈದು ಮಂದಿ, ಆಚೆ ಬಲೆ ಕೊಡವುವವರು. ಸೂರ್ಯ ತೆಂಗಿನ ಮರಗಳ ಮೇಲೆ ಬಂದು ಬೆನ್ನಿಗೆ ತಾಗುತ್ತಿತ್ತು. ಸಮುದ್ರ ನೀಲಿ, ಅದರ ಮೇಲೆ ಆಕಾಶ ಇನ್ನೊಂದು ನೀಲಿ, ತೆಳ್ಳಗೆ ಎರಡು ಮೋಡ. ಎಲ್ಲಿಯೂ ಹೆಚ್ಚು ಕಡಿಮೆ ಇಲ್ಲದ ಬೆಳಕು. ಎದುರಿನಿಂದ ನಡೆದು ಬರುತ್ತಿದ್ದ ಅಜ್ಜಿಯೊಬ್ಬರ ಮುಖದ ನೆರಿಗೆಯೂ ಅವರ ಹಿಂದಿನ ಅಲೆಯೂ ಅದರ ಹಿಂದಿನ ಆಕಾಶವೂ ಒಂದೇ ಸಲ ಕಾಣುತ್ತಿದ್ದವು. ನಾನು ನಿಂತಲ್ಲೇ ನಿಂತುಬಿಟ್ಟೆ. ಹನ್ನೊಂದು ವರ್ಷ ಗಾಜು ಇಳಿಸಿ ಏರಿಸಿ ನಾನು ಹೊಂದಿಸಲು ನೋಡಿದ್ದು ಇಲ್ಲಿ ದಿನಾ ಬೆಳಿಗ್ಗೆ ಬಿಟ್ಟಿಯಾಗಿ ಬಿದ್ದುಕೊಂಡಿತ್ತು. ಚಪ್ಪಟೆ ಬೆಳಕು ಎಂದಿದ್ದೆ. ಯಾರಿಗೆ ಬೇಕು ಎಂದಿದ್ದೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ನಡೆಯಲು ಬಂದಿದ್ದ ಒಬ್ಬ ಗಂಡಸು, ನನ್ನ ಕೈಯಲ್ಲಿ ಮೊಬೈಲ್ ನೋಡಿ, "ಫೋಟೋ ತೆಗೀಬೇಕಾ ಮೇಡಂ? ಕೊಡಿ, ನಾನು ತೆಗೀತೇನೆ" ಎಂದರು. ಬೇಡ ಎನ್ನಬೇಕಿತ್ತು, ಕೊಟ್ಟೆ. "ಸ್ವಲ್ಪ ಈಚೆ ಬನ್ನಿ, ಹಾಂ, ಅಲ್ಲೇ" ಎಂದು ಒಂದೇ ಸಲ ಒತ್ತಿ, "ಸರಿ ಉಂಟಾ ನೋಡಿ" ಎಂದು ಕೈಗೆ ಕೊಟ್ಟರು.

ನೋಡಿದೆ. ಬಿಸಿಲಿಗೆ ಕಿರಿದಾದ ಕಣ್ಣು, ಹಣೆಯ ಬೆವರು, ಹಿಂದೆ ಪೂರ್ತಿ ಸಮುದ್ರ, ಅದರ ಮೇಲೆ ಆಕಾಶ, ಎರಡು ಮೋಡ. ಎರಡು ಸೆಕೆಂಡಿನ ಕೆಲಸ. ಎಲ್ಲ ಸರಿ ಉಂಟು ಎಂದು ಅವರಿಗೆ ಹೇಳಿದೆ. ಅವರು ನಡೆದುಕೊಂಡು ಹೋದರು. ಎದುರು ಮನೆಯವರು ಕೇಳಿದ್ದ ಫೋಟೋ ಅದೇ ಆಗಿತ್ತು, ಅದರಲ್ಲಿ ನಿಂತವಳು ಮಾತ್ರ ನಾನು.